ಧ್ವನಿಮುದ್ರಿಕೆಯಲ್ಲಿ ಕಂಠದ ಸ್ಥಾನ

ಹಾಡನ್ನು ಕುರಿತು ಮಾತನಾಡುವಾಗ ನಾವು ಧಾಟಿಯನ್ನು ಹೊಗಳುತ್ತೇವೆ, ಸಾಹಿತ್ಯವನ್ನು ಹೊಗಳುತ್ತೇವೆ, ಹಾಡಿದವರ ಕಂಠವನ್ನಂತೂ ಹೊಗಳಿಯೇ ಹೊಗಳುತ್ತೇವೆ. ಆದರೆ ಆ ಕಂಠವನ್ನು ವಾದ್ಯಗಳ ನಡುವೆ ಎಲ್ಲಿ ನಿಲ್ಲಿಸಿದ್ದಾರೆ ಎಂದು ವಿಚಾರಿಸುವವರು ವಿರಳ. ನಾನೂ ವಿಚಾರಿಸಿದವನಲ್ಲ. ಕಳೆದ ಬೇಸಿಗೆಯ ರಜೆಯಲ್ಲಿ ನನ್ನ ಸೋದರಮಾವನವರಿಂದ ಆ ಪಾಠ ನನಗಾಯಿತು.

ಮಾವನವರಿಗೆ ಬಲಗಿವಿ ಕೇಳುವುದಿಲ್ಲ. ನನ್ನ ಮೆಚ್ಚಿನ ಹಾಡನ್ನು ಅವರಿಗೂ ಕೇಳಿಸುವ ಉತ್ಸಾಹದಲ್ಲಿ, ಇಂಗ್ಲೆಂಡಿನ ಬೀಟಲ್ಸ್ ತಂಡದ ‘ರಬ್ಬರ್ ಸೋಲ್’ ಆಲ್ಬಮ್ಮಿನ 1965ರ ಸ್ಟೀರಿಯೊ ರೂಪವನ್ನು ಮೊಬೈಲಿನಲ್ಲಿ ಹಚ್ಚಿ, ಇಯರ್‌ಫೋನನ್ನು ಅವರ ಕಿವಿಗಿಟ್ಟೆ. ಹಾಡು ‘ನೋವೇರ್ ಮ್ಯಾನ್’. ಜಾನ್ ಲೆನನ್, ಪಾಲ್ ಮೆಕಾರ್ಟ್ನಿ, ಜಾರ್ಜ್ ಹ್ಯಾರಿಸನ್ ಮೂವರೂ ವಾದ್ಯಗಳ ನೆರವಿಲ್ಲದೆ ಒಟ್ಟಿಗೆ ದನಿಯೆತ್ತುವುದರಿಂದಲೇ ಅದರ ಆರಂಭ.

“ಇನ್ನೂ ಶುರುವಾಗಲಿಲ್ಲವಲ್ಲೋ?” ಎಂದರು ಮಾವ. ತುಸು ಹೊತ್ತಿನ ಮೇಲೆ, “ಗಿಟಾರು ಕೇಳುತ್ತಿದೆ. ಹಾಡುವವರು ಎಲ್ಲಿ?” ಎಂದರು. ನಾನು ನಕ್ಕುಬಿಟ್ಟೆ. ಅವರು ನಗಲಿಲ್ಲ. ಉಳಿದ ಕಿವಿಯೂ ಕೈಕೊಟ್ಟಿತೇನೋ ಎಂಬ ಅಳುಕು ಅವರ ಮುಖದಲ್ಲಿತ್ತು. ಅದನ್ನು ಕಂಡು ನನ್ನ ನಗು ಅಲ್ಲಿಯೇ ನಿಂತಿತು.

ದೋಷ ಅವರ ಎಡಗಿವಿಯದಲ್ಲ, ಮಿಶ್ರಣದ್ದು. ಧ್ವನಿಮುದ್ರಣದಲ್ಲಿ ಕಂಠ, ವಾದ್ಯಗಳನ್ನು ಟೇಪಿನ ಬೇರೆ ಬೇರೆ ಪಥಗಳಲ್ಲಿ ಹಿಡಿದಿಡುತ್ತಾರೆ. ‘ರಬ್ಬರ್ ಸೋಲ್’ಗೆ ಇದ್ದುದು ನಾಲ್ಕೇ ಪಥಗಳು. ಅನಂತರ ಯಾವುದು ಎಷ್ಟು ಜೋರು, ಯಾವುದು ಯಾವ ಪಕ್ಕಕ್ಕೆ ಎಂದು ನಿರ್ಧರಿಸಿ ಒಂದುಗೂಡಿಸುವುದೇ ಮಿಶ್ರಣ. ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಎಂಜಿನಿಯರ್ ನಾರ್ಮನ್ ಸ್ಮಿತ್ ಅವರು ಈ ಆಲ್ಬಮ್ಮಿನ ಸ್ಟೀರಿಯೊ ರೂಪದ ಹೆಚ್ಚಿನ ಹಾಡುಗಳಲ್ಲಿ ಕಂಠವನ್ನು ಬಲಕ್ಕೂ ವಾದ್ಯಗಳನ್ನು ಬಹುಮಟ್ಟಿಗೆ ಎಡಕ್ಕೂ ಇಟ್ಟರು. ಆ ಕಾಲದ ಇಂಗ್ಲೆಂಡಿನಲ್ಲಿ ಹೆಚ್ಚಿನವರ ಮನೆಯಲ್ಲಿದ್ದುದು ಮಾನೊ ಯಂತ್ರ, ಅಂದರೆ ಎಲ್ಲ ನಾದವೂ ಒಂದೇ ಪಥದಲ್ಲಿ ಬರುವಂಥದು. ಆದುದರಿಂದ ಮಾನೊ ಮಿಶ್ರಣಕ್ಕೇ ಅಂದು ಮೊದಲ ಮಣೆ.

ಈ ಏರ್ಪಾಟಿನಿಂದ ಕೇಳುಗನಿಗಾಗುವ ಪರಿಣಾಮವೇನು? ಒಂದೇ ದನಿ ಎರಡು ಕಿವಿಗೂ ಸಮನಾಗಿ ಬಿದ್ದರೆ, ಹಾಡುವವನು ನಮ್ಮೆದುರು ನಟ್ಟನಡುವೆ ನಿಂತಂತೆ ಭಾಸವಾಗುತ್ತದೆ. ಒಂದೇ ಪಕ್ಕಕ್ಕೆ ಬಿದ್ದರೆ, ಅವನು ಗೋಡೆಯ ಬದಿಗೆ ಸರಿದು ಯಾರಿಗೋ ಹಾಡುತ್ತಿರುವಂತೆ ತೋರುತ್ತದೆ. ಆದರೆ ಇದರಲ್ಲಿ ಲಾಭವೂ ಉಂಟು. ವಾದ್ಯಗಳ ಮರೆ ತಪ್ಪುವುದರಿಂದ ಮೂರು ದನಿಗಳ ಹೆಣಿಗೆ ಬಿಡಿಬಿಡಿಯಾಗಿ ಕೇಳುತ್ತದೆ. ಮೆಕಾರ್ಟ್ನಿಯ ದನಿ ಯಾವುದು, ಹ್ಯಾರಿಸನ್ನನದು ಯಾವುದು ಎಂದು ಹುಡುಕಲು ನಾನು ಕಲಿತದ್ದು ಹೀಗೆಯೇ. ನಷ್ಟವಾಗುವುದು ಬೆಸುಗೆ. ಡ್ರಮ್ಮಿನ ಪೆಟ್ಟು ಕಂಠವನ್ನು ಹಿಂದಿನಿಂದ ನೂಕಿದಂತಾಗುವ ಬಿಸಿ ಮಾನೊದಲ್ಲಿ ಹೆಚ್ಚು. ಮುಂದೆ 1987ರಲ್ಲಿ ಸಿ.ಡಿ.ಗಾಗಿ ಮಾರ್ಟಿನ್ನರೇ ಸ್ಟೀರಿಯೊ ಮಿಶ್ರಣವನ್ನು ಹೊಸದಾಗಿ ಮಾಡಿ, ಕಂಠವನ್ನು ನಡುವಿನತ್ತ ಕೊಂಚ ಸರಿಸಿದರು.

ಇಲ್ಲಿ ಇನ್ನೊಬ್ಬರನ್ನು ನೆನೆಯಬೇಕು. ‘ರಬ್ಬರ್ ಸೋಲ್’ನ ಅಮೆರಿಕದ ಆವೃತ್ತಿಯನ್ನು ಕೇಳಿ ಸ್ಫೂರ್ತಿಗೊಂಡ ಬ್ರಯನ್ ವಿಲ್ಸನ್, ತಮ್ಮ ಬೀಚ್ ಬಾಯ್ಸ್ ತಂಡಕ್ಕಾಗಿ ನಿರ್ಮಿಸಿದ ‘ಪೆಟ್ ಸೌಂಡ್ಸ್’ 1966ರಲ್ಲಿ ಹೊರಬಂದಿತು. ಅದರ ಮಿಶ್ರಣ ಮಾನೊ. ವಿಲ್ಸನ್ನರಿಗೂ ಬಲಗಿವಿ ಬಹುತೇಕ ಕೇಳುತ್ತಿರಲಿಲ್ಲ! ಕಂಠಗಳ ಮೇಳಕ್ಕೆ ಹೆಸರಾದ ಆ ಕೃತಿಯನ್ನು ಅವರು ಒಂದೇ ಕಿವಿಯಿಂದ ತೂಗಿ ನೋಡಿದರು.

ಮೊಬೈಲಿನಲ್ಲಿ ಎರಡು ಪಕ್ಕದ ನಾದವನ್ನೂ ಕೂಡಿಸಿ ಎರಡು ಕಿವಿಗೂ ಕೊಡುವ ‘ಮಾನೊ’ ಸೌಕರ್ಯವೊಂದಿದೆ. 1965ರ ಮಾನೊ ಮಿಶ್ರಣ ಪ್ರತ್ಯೇಕವಾಗಿ ಹದಗೊಳಿಸಿದ್ದು. ಇದು ಅದಕ್ಕೆ ಸಾಟಿಯಲ್ಲ. ಆದರೂ ಅದನ್ನು ಒತ್ತಿ ಹಾಡನ್ನು ಮೊದಲಿನಿಂದ ಹಚ್ಚಿದೆ. ಮಾವನವರ ಹುಬ್ಬು ಮೇಲೇರಿತು. “ಓಹೋ, ಮೂವರಿದ್ದಾರೆ” ಎಂದು ಕಣ್ಣು ಮುಚ್ಚಿ ಕುಳಿತರು.

ಯಂತ್ರದ ಮುಂದೆ ಕುಳಿತವನು ಗುಂಡಿಯೊಂದನ್ನು ಅತ್ತಿತ್ತ ತಿರುಗಿಸುವುದು ಬರಿಯ ತಾಂತ್ರಿಕ ವಿಷಯವೆಂದು ನಾನು ತಿಳಿದಿದ್ದೆ. ಹಾಡು ಯಾರನ್ನು ಮುಟ್ಟುತ್ತದೆ, ಯಾರನ್ನು ಹೊರಗೆ ಬಿಡುತ್ತದೆ ಎಂಬುದೂ ಅಲ್ಲಿಯೇ ತೀರ್ಮಾನವಾಗುತ್ತದೆ. ಸಹಪಾಠಿಗಳೇ, ಮೆಚ್ಚಿನ ಹಾಡೊಂದನ್ನು ಈ ಸಂಜೆ ಒಂದು ಕಿವಿ ಮುಚ್ಚಿಕೊಂಡು ಕೇಳಿ ನೋಡಿ.