ಮೂರು ವರ್ಷದವಳು ಎಷ್ಟು ದೂರ ನಡೆದಾಳು?

ಆರು ವರ್ಷದ ಮಗ, ಮೂರರ ಮಗಳು, ಬೆನ್ನಿಗೆ ಟೆಂಟು, ಅಂಕೋಲೆಯ ಕಾಡಿನಲ್ಲಿ ಎರಡು ರಾತ್ರಿ. ನಿಮ್ಮ ಉತ್ಸಾಹ ಮೆಚ್ಚಿದೆ, ಯೋಜನೆ ಮೆಚ್ಚಲಿಲ್ಲ. ಅರಣ್ಯ ಇಲಾಖೆಯ ಅನುಮತಿಯಿಲ್ಲದೆ ಕಾಡಿನಲ್ಲಿ ಟೆಂಟು ಹಾಕುವಂತಿಲ್ಲ, ಬೆಂಕಿ ಹಚ್ಚುವಂತಿಲ್ಲ. ನಿಮ್ಮವರ ಗೆಳೆಯರು ‘ಯಾರೂ ಕೇಳೋದಿಲ್ಲ’ ಅಂದರೂ ಅಷ್ಟೇ.

ಈ ಸಲ ಹಗಲಿನ ನಡಿಗೆ ಸಾಕು. ಕಾರವಾರದ ಉತ್ತರಕ್ಕೆ, ಗೋವಾ ಗಡಿಯ ಹತ್ತಿರದ ಮಾಜಾಳಿಯಿಂದ ಗುಡ್ಡದ ಹಾದಿ ಹಿಡಿದರೆ ತಿಳಮಾತಿ ಕಡಲತೀರ. ಎಳ್ಳು ಚೆಲ್ಲಿದಂಥ ಕಪ್ಪು ಮರಳು ಕಂಡರೆ ಮಕ್ಕಳು ಅಲ್ಲಿಂದ ಏಳುವುದಿಲ್ಲ, ನೋಡಿ. ಬೆಳಿಗ್ಗೆ ಬೇಗ ಹೊರಡಿ. ಕರಾವಳಿಯ ಬಿಸಿಲು ಹತ್ತು ಗಂಟೆಗೇ ಸುಡುತ್ತದೆ. ಅವಲಕ್ಕಿ, ಬಾಳೆಹಣ್ಣು, ಬೇಕೆನಿಸಿದ್ದಕ್ಕಿಂತ ಹೆಚ್ಚು ನೀರು ಇರಲಿ. ಬಂಡೆಗಳ ಬಳಿ ಕೈ ಬಿಡಬೇಡಿ, ಈಜು ಬೇಡ. ಮಗಳು ‘ಎತ್ಕೋ’ ಅಂದ ಜಾಗದಿಂದಲೇ ವಾಪಸ್ ತಿರುಗಿ. ತೀರ ಮುಟ್ಟಲೇಬೇಕೆಂಬ ಹಟ ದೊಡ್ಡವರದು, ಮಕ್ಕಳದ್ದಲ್ಲ.

ಟೆಂಟಿನ ಆಸೆಗೆ ಹೋಮ್‌ಸ್ಟೇ ಅಂಗಳ ಸಾಕು. ಮಧ್ಯರಾತ್ರಿ ಅತ್ತರೆ ಒಳಗೆ ಹಾಸಿಗೆಯಿದೆ. ಯಾಣ, ವಿಭೂತಿ ಜಲಪಾತ ಮುಂದಿನ ವರ್ಷಕ್ಕಿರಲಿ. ಮಳೆಗಾಲದಲ್ಲಂತೂ ಬೇಡವೇ ಬೇಡ: 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಕುಸಿದಿತ್ತು.

ಇನ್ನೊಂದು ಮಾತು. ಮಂಗನ ಕಾಯಿಲೆ ನಮ್ಮ ಜಿಲ್ಲೆಯಲ್ಲೂ ಇದೆ. ಬೇಸಿಗೆ ಮುಗಿಯುವವರೆಗೆ ಅದನ್ನು ಹರಡುವ ಉಣ್ಣೆಗಳ ಕಾಟ. ತುಂಬುತೋಳಿನ ಅಂಗಿ ಹಾಕಿಸಿ, ಮರಳಿದ ಕೂಡಲೇ ಸ್ನಾನ ಮಾಡಿಸಿ, ಕಿವಿಯ ಹಿಂದೆ, ಕಂಕುಳಲ್ಲಿ ಹುಡುಕಿ. ಆಮೇಲೆ ಜ್ವರ ಬಂದರೆ, ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಮೊದಲೇ ಹೇಳಿಬಿಡಿ.