ವಿಂಡೋಸ್ ಬದಲಾದ ಮೇಲೆ ನೆಟ್‌ವರ್ಕ್ ಕಾರ್ಡು ಕೈಕೊಟ್ಟರೆ



ತೋಟದ ಲೆಕ್ಕ, ಮಾರಾಟದ ಬಿಲ್ಲು, ಬ್ಯಾಂಕಿನ ವ್ಯವಹಾರ ಇವೆಲ್ಲವೂ ಈಗ ಕಂಪ್ಯೂಟರಿಗೆ ಬಂದು ಕೂತಿವೆ. ವಿಂಡೋಸ್ 10ಕ್ಕೆ ಇದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದುದರಿಂದ ಸದಸ್ಯರಲ್ಲಿ ಅನೇಕರು ವಿಂಡೋಸ್ 11ಕ್ಕೆ ಹೋಗಿದ್ದಾರೆ. ಬದಲಾಯಿಸಿದ ಮರುದಿನವೇ ಇಂಟರ್‌ನೆಟ್ ಬರುವುದಿಲ್ಲವೆಂಬ ದೂರು ಕಚೇರಿಗೆ ಮೇಲಿಂದ ಮೇಲೆ ಬರುತ್ತಿದೆ. ನಾವೂ ಅದೇ ಪೆಟ್ಟು ತಿಂದವರು. ಸದಸ್ಯರ ಅಡಿಕೆ ಮೂಟೆ ಹೇರಿದ ಲಾರಿ ಅಂಗಳದಲ್ಲಿ ನಿಂತಿರುವಾಗ ಬಿಲ್ಲು ಹೊರಡಿಸಲಾಗದೆ ಇಡೀ ದಿನ ಕೈಕಟ್ಟಿ ಕುಳಿತೆವು. ತಪ್ಪು ನಮ್ಮದೇ ಆಗಿತ್ತು. ಅದರಿಂದ ಕಲಿತದ್ದನ್ನು ಇಲ್ಲಿ ಕ್ರಮವಾಗಿ ಬರೆದಿದ್ದೇವೆ.

ಡ್ರೈವರ್ ಎಂದರೇನು?

ತೋಟದಲ್ಲಿ ಧಣಿಯ ಮಾತನ್ನು ಆಳುಗಳಿಗೆ ಮುಟ್ಟಿಸುವವನು ಮೇಸ್ತ್ರಿ. ಕಂಪ್ಯೂಟರಿನಲ್ಲಿ ವಿಂಡೋಸ್ ಧಣಿ, ನೆಟ್‌ವರ್ಕ್ ಕಾರ್ಡು ಆಳು, ಇಬ್ಬರ ನಡುವಿನ ಮೇಸ್ತ್ರಿಯೇ ಡ್ರೈವರ್ ಎಂಬ ಸಣ್ಣ ತಂತ್ರಾಂಶ. ಧಣಿ ಬದಲಾದಾಗ ಹಳೆಯ ಮೇಸ್ತ್ರಿ ಕೆಲವೊಮ್ಮೆ ಹೊಂದಿಕೊಳ್ಳುತ್ತಾನೆ, ಕೆಲವೊಮ್ಮೆ ಇಲ್ಲ. ಆಳು ಗಟ್ಟಿಮುಟ್ಟಾಗಿಯೇ ಇದ್ದರೂ ಕೆಲಸ ನಿಲ್ಲುತ್ತದೆ. ಆದುದರಿಂದ ಕಾರ್ಡು ಸುಟ್ಟಿತೆಂದು ಗಾಬರಿಯಾಗಿ ಹೊಸದನ್ನು ಕೊಳ್ಳಲು ಹೊರಡಬೇಕಾಗಿಲ್ಲ.

ಮೊದಲು ರೋಗ ಯಾವುದೆಂದು ತಿಳಿಯಿರಿ

ಕೊಳೆ ರೋಗವೋ ಬೇರಿನ ದೋಷವೋ ತಿಳಿಯದೆ ಔಷಧಿ ಹೊಡೆಯುವುದು ದಂಡ. ಇಲ್ಲಿಯೂ ಹಾಗೆಯೇ.

1. ಅದೇ ವೈಫೈಯಲ್ಲಿ ಮೊಬೈಲಿಗೆ ಇಂಟರ್‌ನೆಟ್ ಬರುತ್ತಿದೆಯೇ ನೋಡಿ. ಅದಕ್ಕೂ ಬಾರದಿದ್ದರೆ ದೋಷ ಕಂಪ್ಯೂಟರಿನದಲ್ಲ. ವೈರು ಸರಿಯಾಗಿ ಕೂತಿದೆಯೇ, ಏರೋಪ್ಲೇನ್ ಮೋಡ್ ಆನ್ ಆಗಿದೆಯೇ, ಇದನ್ನೂ ಗಮನಿಸಿ.

2. ಸ್ಟಾರ್ಟ್ ಗುಂಡಿಯ ಮೇಲೆ ಮೌಸಿನ ಬಲಗುಂಡಿ ಒತ್ತಿ 'ಡಿವೈಸ್ ಮ್ಯಾನೇಜರ್' ತೆರೆಯಿರಿ. 'ನೆಟ್‌ವರ್ಕ್ ಅಡಾಪ್ಟರ್ಸ್' ಎಂಬಲ್ಲಿ ನಾಲ್ಕು ಸ್ಥಿತಿಗಳಲ್ಲಿ ಒಂದು ಕಾಣುತ್ತದೆ.

(ಅ) ಕಾರ್ಡಿನ ಹೆಸರಿದೆ, ಯಾವ ಗುರುತೂ ಇಲ್ಲ: ಡ್ರೈವರ್ ಬಹುಮಟ್ಟಿಗೆ ಸರಿಯಿದೆ. ಕಂಪ್ಯೂಟರಿನ ಐಪಿ ವಿಳಾಸ 169.254 ಎಂದು ಆರಂಭವಾಗಿದ್ದರೆ ರೂಟರಿನಿಂದ ವಿಳಾಸ ಸಿಕ್ಕಿಲ್ಲವೆಂದು ಅರ್ಥ. ಆಗ ಡ್ರೈವರನ್ನು ಮುಟ್ಟದೆ ರೂಟರನ್ನೂ ವೈರನ್ನೂ ನೋಡತಕ್ಕದ್ದು.

(ಆ) ಹೆಸರಿನ ಮೇಲೆ ಹಳದಿ ತ್ರಿಕೋನವಿದೆ: ಹೆಸರಿನ ಮೇಲೆ ಎರಡು ಸಲ ಒತ್ತಿ ಕೋಡ್ ಸಂಖ್ಯೆ ಓದಿ. 10 ಎಂದರೆ ಸಾಧನ ಆರಂಭವಾಗುತ್ತಿಲ್ಲ, 28 ಎಂದರೆ ಡ್ರೈವರ್ ಹಾಕಿಲ್ಲ.

(ಇ) ಹೆಸರೇ ಇಲ್ಲ, ಆದರೆ 'ಅದರ್ ಡಿವೈಸಸ್' ಕೆಳಗೆ 'ಈಥರ್‌ನೆಟ್ ಕಂಟ್ರೋಲರ್' ಅಥವಾ 'ನೆಟ್‌ವರ್ಕ್ ಕಂಟ್ರೋಲರ್' ಎಂದಿದೆ: ಕಾರ್ಡು ಜೀವಂತವಾಗಿದೆ, ಡ್ರೈವರ್ ಮಾತ್ರ ಇಲ್ಲ.

(ಈ) ಎಲ್ಲಿಯೂ ಸುಳಿವಿಲ್ಲ: ಕಾರ್ಡನ್ನು ಬಯೋಸ್‌ನಲ್ಲಿ ಆಫ್ ಮಾಡಿರಬಹುದು, ಇಲ್ಲವೆ ಕಾರ್ಡೇ ಹೋಗಿರಬಹುದು. ಸಿಡಿಲಿನ ನಮ್ಮ ಸೀಮೆಯಲ್ಲಿ ಎರಡನೆಯದು ಅಪರೂಪವಲ್ಲ. ಇದನ್ನು ತಿಳಿದವರಿಗೆ ತೋರಿಸಿ.

ಚಿಕಿತ್ಸೆ

ಇಂಟರ್‌ನೆಟ್ ಬರಲು ಡ್ರೈವರ್ ಬೇಕು, ಡ್ರೈವರ್ ತರಲು ಇಂಟರ್‌ನೆಟ್ ಬೇಕು. ಈ ಗಂಟನ್ನು ಬಿಡಿಸಲು ಎರಡು ದಾರಿಗಳಿವೆ. ಮೊಬೈಲನ್ನು ಚಾರ್ಜಿನ ಕೇಬಲಿನಿಂದ ಕಂಪ್ಯೂಟರಿಗೆ ಜೋಡಿಸಿ, ಮೊಬೈಲಿನಲ್ಲಿ 'ಯುಎಸ್‌ಬಿ ಟೆದರಿಂಗ್' ಆನ್ ಮಾಡುವುದು ಒಂದು. ಕೆಟ್ಟ ಕಾರ್ಡಿನ ಹಂಗಿಲ್ಲದೆ ಮೊಬೈಲಿನ ಇಂಟರ್‌ನೆಟ್ ಕಂಪ್ಯೂಟರಿಗೆ ಬರುತ್ತದೆ. ಆಮೇಲೆ ವಿಂಡೋಸ್ ಅಪ್‌ಡೇಟ್ ನಡೆಸಿದರೆ ಎಷ್ಟೋ ಸಲ ಡ್ರೈವರ್ ತಾನಾಗಿಯೇ ಬಂದು ಕೂರುತ್ತದೆ. ಬೇರೆ ಕಂಪ್ಯೂಟರಿನಿಂದ ಪೆನ್‌ಡ್ರೈವಿನಲ್ಲಿ ತರುವುದು ಇನ್ನೊಂದು.

ಯಾವ ಡ್ರೈವರ್ ತರಬೇಕು? ಡಿವೈಸ್ ಮ್ಯಾನೇಜರಿನಲ್ಲಿ ಆ ಸಾಧನದ 'ಪ್ರಾಪರ್ಟೀಸ್', ಅದರಲ್ಲಿ 'ಡೀಟೇಲ್ಸ್', ಅದರಲ್ಲಿ 'ಹಾರ್ಡ್‌ವೇರ್ ಐಡಿಸ್' ನೋಡಿ. ತಯಾರಕರ ಸಂಕೇತ ಅಲ್ಲಿರುತ್ತದೆ. 8086 ಎಂದರೆ ಇಂಟೆಲ್, 10ಇಸಿ ಎಂದರೆ ರಿಯಲ್‌ಟೆಕ್. ಅದರ ಮುಂದಿನ ನಾಲ್ಕು ಅಂಕಿ ಅಕ್ಷರಗಳು ಕಾರ್ಡಿನ ಮಾದರಿಯನ್ನು ಹೇಳುತ್ತವೆ. ಎರಡನ್ನೂ ಬರೆದುಕೊಂಡು ಕಂಪ್ಯೂಟರ್ ತಯಾರಕರ ತಾಣದಿಂದಲೇ ಡ್ರೈವರ್ ತನ್ನಿ. ಬಿಟ್ಟಿಯಾಗಿ ಎಲ್ಲ ಡ್ರೈವರ್ ಸರಿಪಡಿಸುತ್ತೇವೆನ್ನುವ ಗುರುತಿಲ್ಲದ ತಾಣಗಳ ಬಾಗಿಲಿಗೆ ಹೋಗಬೇಡಿ. ಬ್ಯಾಂಕಿನ ವ್ಯವಹಾರ ನಡೆಯುವ ಯಂತ್ರವದು, ನೆನಪಿರಲಿ.

ವಿಂಡೋಸ್ 10ರ 64 ಬಿಟ್ ಡ್ರೈವರ್ ಸಾಮಾನ್ಯವಾಗಿ 11ರಲ್ಲಿಯೂ ನಡೆಯುತ್ತದೆ. 32 ಬಿಟ್ ಡ್ರೈವರ್ ನಡೆಯದು, ಏಕೆಂದರೆ ವಿಂಡೋಸ್ 11 ಇರುವುದು 64 ಬಿಟ್‌ನಲ್ಲಿ ಮಾತ್ರ. ತಂದ ಕಡತ ಜಿಪ್ ಆಗಿದ್ದರೆ ಬಿಚ್ಚಿ, 'ಅಪ್‌ಡೇಟ್ ಡ್ರೈವರ್' ಒತ್ತಿ, ಆ ಫೋಲ್ಡರನ್ನು ತೋರಿಸಿ.

ಡ್ರೈವರ್ ಹೊಸದಾಗಿ ಬದಲಾದ ಮೇಲೆಯೇ ತೊಂದರೆ ಶುರುವಾಗಿದ್ದರೆ 'ರೋಲ್ ಬ್ಯಾಕ್ ಡ್ರೈವರ್' ಒತ್ತಿ ಹಳೆಯದಕ್ಕೆ ಮರಳಬಹುದು. ಆ ಗುಂಡಿ ಮಸುಕಾಗಿದ್ದರೆ ಹಳೆಯದು ಉಳಿದಿಲ್ಲವೆಂದು ತಿಳಿಯಿರಿ. ಹಳೆಯ ಆಂಟಿವೈರಸ್ಸಿನ ಅವಶೇಷವೂ ಕೆಲವೊಮ್ಮೆ ದಾರಿ ಕಟ್ಟುತ್ತದೆ, ಅದನ್ನು ಪೂರ್ತಿ ತೆಗೆದು ನೋಡಿ. ಇಷ್ಟಕ್ಕೂ ಬಗ್ಗದಿದ್ದರೆ ಸೆಟ್ಟಿಂಗ್ಸ್‌ನಲ್ಲಿ 'ನೆಟ್‌ವರ್ಕ್ ರೀಸೆಟ್' ಇದೆ. ಅದು ವೈಫೈ ಪಾಸ್‌ವರ್ಡುಗಳನ್ನು ಅಳಿಸಿಹಾಕುವುದರಿಂದ ಮೊದಲೇ ಬರೆದಿಟ್ಟುಕೊಳ್ಳಿ.

ನಾವು ಮಾಡಿದ ತಪ್ಪು

ಅವಸರದಲ್ಲಿ ನಾವು 'ಅನ್‌ಇನ್‌ಸ್ಟಾಲ್' ಒತ್ತಿ, ಜೊತೆಗೆ ಡ್ರೈವರನ್ನೂ ಅಳಿಸುವ ಚೌಕಕ್ಕೆ ಗುರುತು ಹಾಕಿಬಿಟ್ಟೆವು. ಹೊಸ ಮೇಸ್ತ್ರಿ ಸಿಗುವ ಮೊದಲೇ ಹಳಬನಿಗೆ ಲೆಕ್ಕ ಚುಕ್ತಾ ಮಾಡಿ ಕಳಿಸಿದಂತಾಯಿತು. ಕುಂಟುತ್ತಿದ್ದ ಇಂಟರ್‌ನೆಟ್ ಪೂರ್ತಿ ನಿಂತಿತು. ಸದಸ್ಯರೊಬ್ಬರ ಮಗಳು ಸಂಜೆ ಬಂದು ಮೊಬೈಲ್ ಜೋಡಿಸಿ, ಹತ್ತು ನಿಮಿಷದಲ್ಲಿ ಸರಿಮಾಡಿಕೊಟ್ಟಳು. ಹೊಸ ಡ್ರೈವರ್ ಕೈಯಲ್ಲಿಲ್ಲದೆ ಆ ಚೌಕವನ್ನು ಮುಟ್ಟಬೇಡಿ.

ಇನ್ನೂ ಬದಲಾಯಿಸದವರಿಗೆ

ಕೊಯ್ಲಿನ ಮಧ್ಯೆ ಈ ಕೆಲಸಕ್ಕೆ ಕೈ ಹಾಕಬೇಡಿ, ಬಿಡುವಿನ ದಿನ ಮಾಡಿ. ಲೆಕ್ಕದ ಕಡತಗಳ ಪ್ರತಿಯನ್ನೂ ನೆಟ್‌ವರ್ಕ್ ಡ್ರೈವರನ್ನೂ ಮುಂಚಿತವಾಗಿ ಪೆನ್‌ಡ್ರೈವಿಗೆ ಹಾಕಿಡಿ. ಹಳೆಯದರ ಮೇಲೆಯೇ ವಿಂಡೋಸ್ 11 ಹಾಕಿದ್ದರೆ ಸಾಮಾನ್ಯವಾಗಿ 10 ದಿನಗಳೊಳಗೆ ಸೆಟ್ಟಿಂಗ್ಸ್‌ನ 'ರಿಕವರಿ'ಯಿಂದ ಹಿಂದಿರುಗಲು ಅವಕಾಶವಿದೆ. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಿದವರಿಗೆ ಈ ದಾರಿಯಿಲ್ಲ. ಕಾರ್ಡು ತೀರ ಹಳೆಯದಾಗಿ ಡ್ರೈವರ್ ಸಿಗದೇ ಹೋದರೆ ಯುಎಸ್‌ಬಿಗೆ ಚುಚ್ಚುವ ಸಣ್ಣ ಅಡಾಪ್ಟರ್ ಸಾಕು, ಇಡೀ ಕಂಪ್ಯೂಟರ್ ಬದಲಿಸಬೇಕಾಗಿಲ್ಲ.

ಬೋರ್ಡೋ ದ್ರಾವಣವನ್ನು ಮಳೆಗೆ ಮೊದಲು ಹೊಡೆಯುವುದು ನಮಗೆಲ್ಲ ರೂಢಿ. ಈ ವಿಷಯದಲ್ಲಿಯೂ ಅದೇ ಮುಂಜಾಗ್ರತೆ ಇರಲಿ. ಸಂಶಯವಿದ್ದವರು ಕೋಡ್ ಸಂಖ್ಯೆಯನ್ನೂ ಕಾರ್ಡಿನ ಸಂಕೇತವನ್ನೂ ಚೀಟಿಯಲ್ಲಿ ಬರೆದು ಪೆನ್‌ಡ್ರೈವಿನೊಂದಿಗೆ ಕಚೇರಿಗೆ ಬಂದರೆ ನಮ್ಮಿಂದಾದ ಸಹಾಯ ಮಾಡುತ್ತೇವೆ.

— ಕಾರ್ಯದರ್ಶಿ