ಚೀನಾ ದೇಶವನ್ನು ಕುರಿತ ಸಂಶೋಧನೆ: ಯೋಜನೆ ಹಾಕುವ ಬಗೆ

ಕೊನೆಯ ವರ್ಷದ ಬಿ.ಎ. ತರಗತಿಯಲ್ಲಿ ಒಂದು ಸಣ್ಣ ಸಂಶೋಧನಾ ಪ್ರಬಂಧ ಬರೆಯಬೇಕೆಂದಾಗ ನಾನು ಆರಿಸಿಕೊಂಡ ವಿಷಯ ‘ಭಾರತ ಮತ್ತು ಚೀನಾ’. ಅಧ್ಯಾಪಕರು ಹಾಳೆಯನ್ನು ಓದಿ ನಕ್ಕರು. “ಇದು ಒಬ್ಬನ ಜೀವಮಾನಕ್ಕೂ ಮುಗಿಯುವುದಿಲ್ಲಪ್ಪಾ. ನಿನಗಿರುವುದು ಹದಿನಾಲ್ಕು ವಾರ. ಚೀನೀ ಭಾಷೆ ಬಾರದು. ನಿನ್ನ ಕೈಯಲ್ಲಿ ಇರುವುದೇನು, ಅದನ್ನು ಹೇಳು” ಎಂದರು. ಆ ಮಾತಿನಿಂದ ನಾನು ಕಲಿತದ್ದನ್ನು, ಮುಂದೆ ಈ ಕೆಲಸಕ್ಕೆ ತೊಡಗುವ ಕಿರಿಯ ಮಿತ್ರರಿಗಾಗಿ ಇಲ್ಲಿ ಬರೆದಿದ್ದೇನೆ.

ನನ್ನ ಕೈಯಲ್ಲಿ ಇದ್ದದ್ದು ರೇಷ್ಮೆ. ನಮ್ಮ ಊರು ಕನಕಪುರದ ಕಡೆಯದು. ಹಿಪ್ಪುನೇರಳೆಯ ತೋಟ, ಹುಳುವಿನ ಮನೆ, ಚಂದ್ರಿಕೆ ಇವುಗಳ ನಡುವೆಯೇ ಬೆಳೆದವನು ನಾನು. ರಾಮನಗರದ ಮಾರುಕಟ್ಟೆಯಲ್ಲಿ ಗೂಡಿನ ಬೆಲೆ ಬಿದ್ದ ದಿನ ಅಪ್ಪ “ಚೀನಾ ರೇಷ್ಮೆ ಬಂತು” ಎನ್ನುತ್ತ ಮನೆಗೆ ಬರುತ್ತಿದ್ದರು. ಇತ್ತ ಜಯನಗರದ ನಮ್ಮ ಕಾಲೇಜಿಗೆ ಸಮೀಪದಲ್ಲೇ, ಬಿ.ಟಿ.ಎಂ. ಬಡಾವಣೆಯಲ್ಲಿ, 1948ರ ಕಾಯಿದೆಯಂತೆ ಸ್ಥಾಪಿತವಾದ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿಯಿದೆ. ಸಿಲ್ಕ್ ಬೋರ್ಡ್ ಎಂದರೆ ನಮಗೆ ನೆನಪಾಗುವುದು ವಾಹನಗಳ ಸಂದಣಿ ಮಾತ್ರ. ಆ ಹೆಸರು ಅಲ್ಲಿಗೆ ಏಕೆ ಬಂತೆಂದು ನಾನಂತೂ ಅದುವರೆಗೆ ಯೋಚಿಸಿರಲಿಲ್ಲ.

ಮೊದಲನೆಯ ಪಾಠ: ವಿಷಯವೇ ಬೇರೆ, ಪ್ರಶ್ನೆಯೇ ಬೇರೆ. ‘ಚೀನಾ ರೇಷ್ಮೆ’ ಎಂಬುದು ವಿಷಯ. ಅದನ್ನು ನಾನು ಹೀಗೆ ಪ್ರಶ್ನೆಯಾಗಿಸಿದೆ: ‘2011ರ ಸುಂಕದ ಇಳಿಕೆ ನಮ್ಮ ರೈತರನ್ನು ಹೇಗೆ ಹಾಳುಮಾಡಿತು?’ ಆ ವರ್ಷದ ಕೇಂದ್ರ ಆಯವ್ಯಯದಲ್ಲಿ ಕಚ್ಚಾ ರೇಷ್ಮೆಯ ಆಮದು ಸುಂಕವನ್ನು ಶೇ. 30ರಿಂದ ಶೇ. 5ಕ್ಕೆ ಇಳಿಸಿದ್ದು ನಿಜ. 2013ರಲ್ಲಿ ಅದನ್ನು ಶೇ. 15ಕ್ಕೆ ಏರಿಸಿದ್ದೂ ನಿಜ. ಆದರೆ ಅಧ್ಯಾಪಕರು ‘ಹಾಳುಮಾಡಿತು’ ಎಂಬ ಪದಕ್ಕೆ ಕೆಂಪು ಗೆರೆ ಎಳೆದರು. “ತೀರ್ಪು ಮೊದಲು, ವಿಚಾರಣೆ ಆಮೇಲೆಯೇ? ನೂಲನ್ನು ಕೊಳ್ಳುವವನನ್ನು ಕೇಳಿದ್ದೀಯಾ?”

ಕೇಳಿರಲಿಲ್ಲ. ಆನೇಕಲ್ಲಿಗೆ ಹೋಗಿ ಹಿರಿಯ ನೇಕಾರರೊಬ್ಬರ ಮಗ್ಗದ ಬಳಿ ಕುಳಿತೆ. “ನಮ್ಮ ನೂಲಿನ ಮೇಲೆ ನನಗೇನು ಹಗೆಯೇ ಮಗು? ಹಾಸಿನ ಎಳೆ ಗಟ್ಟಿಯಾಗಿ, ಸಮನಾಗಿ ಇರಬೇಕು. ಹರಿದ ಎಳೆ ಕೂಡಿಸುತ್ತ ಕುಳಿತರೆ ಸೀರೆ ಮುಗಿಯುವುದು ಯಾವಾಗ?” ಎಂದರು. ಅಪ್ಪನ ನಷ್ಟ ಎಷ್ಟು ನಿಜವೋ ಈ ಮಾತೂ ಅಷ್ಟೇ ನಿಜವೆಂದು ತೋರಿತು. ಪ್ರಶ್ನೆ ಬದಲಾಯಿತು: ‘ಕಚ್ಚಾ ರೇಷ್ಮೆಯ ಉತ್ಪಾದನೆಯಲ್ಲಿ ಚೀನಾ ಜಗತ್ತಿಗೇ ಮೊದಲು, ಭಾರತ ಎರಡನೆಯದು, ಭಾರತದೊಳಗೆ ಕರ್ನಾಟಕ ಮೊದಲು. ಹೀಗಿದ್ದೂ ನಮ್ಮ ನೇಕಾರರು ಹಾಸಿಗಾಗಿ ಚೀನಾ ನೂಲನ್ನು ಬಯಸುವುದೇಕೆ?’

ಎರಡನೆಯ ಪಾಠ: ಓದಲು ತೊಡಗುವ ಮೊದಲೇ ನಿಮ್ಮ ಊಹೆಯನ್ನು ಬರೆದಿಡಿ, ಯಾವ ಸಂಗತಿ ಸಿಕ್ಕರೆ ಆ ಊಹೆ ಬಿದ್ದುಹೋಗುವುದೆಂಬುದನ್ನೂ ಅದರ ಕೆಳಗೆ ಬರೆಯಿರಿ. ಬಿಳಿಯ, ಸಮನಾದ ನೂಲು ಕೊಡುವುದು ದ್ವಿತಳಿಯ ಗೂಡು. ನಮ್ಮಲ್ಲಿ ಬಹುಕಾಲದಿಂದ ಹೆಚ್ಚಾಗಿ ಸಾಕಿದ್ದು ಮಿಶ್ರತಳಿ. ‘ಚೀನಾ ತಂಪು ದೇಶ, ಅದಕ್ಕೇ ಅಲ್ಲಿ ದ್ವಿತಳಿ ಒಗ್ಗುತ್ತದೆ’ ಎಂಬುದು ನನ್ನ ಊಹೆ. ‘ಚೀನಾದ ಬಿಸಿ ಪ್ರಾಂತದಲ್ಲೂ ದ್ವಿತಳಿ ಬೆಳೆದರೆ ಈ ಊಹೆ ಸಾಲದು’ ಎಂದು ಕೆಳಗೆ ಬರೆದೆ.

ಊಹೆ ನಿಲ್ಲಲಿಲ್ಲ. ಹಿಂದೆ ಚೀನಾದ ರೇಷ್ಮೆಗೆ ಹೆಸರಾಗಿದ್ದುವು ಪೂರ್ವದ ಝೆಜಿಯಾಂಗ್ ಮತ್ತು ಜಿಯಾಂಗ್ಸು ಪ್ರಾಂತಗಳು. ಅಲ್ಲಿ ಕಾರ್ಖಾನೆಗಳು ಬೆಳೆದು, ಭೂಮಿಯ ಬೆಲೆಯೂ ಕೂಲಿಯೂ ಏರಿದಂತೆ ರೇಷ್ಮೆ ಕೃಷಿ ದಕ್ಷಿಣಕ್ಕೂ ಪಶ್ಚಿಮಕ್ಕೂ ಸರಿಯಿತು. 2005ರಿಂದ ಗೂಡಿನ ಉತ್ಪಾದನೆಯಲ್ಲಿ ಮೊದಲ ಸ್ಥಾನ ಗುವಾಂಗ್ಶಿಗೆ ಬಂದಿತು. ಕರ್ಕಾಟಕ ಸಂಕ್ರಾಂತಿ ವೃತ್ತವು ಈ ಪ್ರಾಂತದ ಮೇಲೆಯೇ ಹಾದುಹೋಗುತ್ತದೆ. ಬೇಸಗೆಯಲ್ಲಿ ಸೆಕೆ, ತೇವ ಎರಡೂ ಹೆಚ್ಚು. ಅಲ್ಲಿಯೂ ಸಾಕುವುದು ದ್ವಿತಳಿಯನ್ನೇ. ಇತ್ತ ಮೈಸೂರಿನ ಕೇಂದ್ರ ರೇಷ್ಮೆ ಸಂಶೋಧನಾ ಸಂಸ್ಥೆ 1990ರ ದಶಕದಲ್ಲೇ ಸಿ.ಎಸ್.ಆರ್. 2 ಮತ್ತು ಸಿ.ಎಸ್.ಆರ್. 4 ಎಂಬ ದ್ವಿತಳಿಗಳನ್ನು ಬೆಳೆಸಿತ್ತು. ಆದ್ದರಿಂದ ಹವೆಯೊಂದನ್ನೇ ಕಾರಣವೆನ್ನುವಂತಿಲ್ಲ. ಹಾಗೆಂದು ಹವೆ ಕಾರಣವೇ ಅಲ್ಲವೆನ್ನುವುದೂ ಅವಸರವಾದೀತು. ಗುವಾಂಗ್ಶಿಯ ಚಳಿಗಾಲದಲ್ಲಿ ಬಿಡುವಿದೆ, ನಮ್ಮಲ್ಲಿ ವರ್ಷವಿಡೀ ಹುಳು ಮೇಯುತ್ತದೆ. ಹುಳುವಿನ ಮನೆಯ ಶುಚಿತ್ವ, ನೂಲು ಬಿಚ್ಚುವ ಯಂತ್ರ, ಗೂಡಿಗೆ ಸಿಗುವ ಬೆಲೆ ಇವನ್ನೂ ನೋಡಬೇಕಾಯಿತು.

ಮೂರನೆಯ ಪಾಠ ಆಧಾರಗಳದು. ಪ್ರತಿಯೊಂದು ಆಧಾರದ ಮುಂದೆಯೂ ‘ಇದನ್ನು ಹೇಳುವವರು ಯಾರು, ಏತಕ್ಕಾಗಿ?’ ಎಂದು ಬರೆಯಿರಿ. ಮಂಡಳಿಯ ಅಂಕಿಅಂಶ, ರೈತರ ಮಾತು, ನೂಲು ಬಿಚ್ಚುವವರ ಲೆಕ್ಕ, ನೇಕಾರರ ಅನುಭವ ಇವೆಲ್ಲ ಒಂದೊಂದು ಕಿಟಕಿ. ಚೀನಾದ ಕಡೆಯ ಕಿಟಕಿಯೂ ಒಂದಾದರೂ ಇರಲೇಬೇಕು. ಇಲ್ಲವಾದರೆ ಅದು ಚೀನಾ ಅಧ್ಯಯನವಾಗದು, ನಮ್ಮ ದೂರಿನ ಪಟ್ಟಿಯಾಗುತ್ತದೆ.

ಭಾಷೆ ಬಾರದವರು ಅದನ್ನು ಪ್ರಬಂಧದ ಮೊದಲ ಪುಟದಲ್ಲೇ ಒಪ್ಪಿಕೊಳ್ಳುವುದು ಮೇಲು. ಚೀನೀ ವಿದ್ವಾಂಸರು ಇಂಗ್ಲಿಷಿನಲ್ಲಿ ಬರೆದ ಲೇಖನಗಳಿವೆ, ಅನುವಾದಗಳೂ ಇವೆ. ಹೆಸರುಗಳ ವಿಷಯದಲ್ಲಿ ಮಾತ್ರ ಎಚ್ಚರ ಬೇಕು. ಚೀನಾ 1958ರಲ್ಲಿ ಪಿನ್‌ಯಿನ್ ಎಂಬ ರೋಮನ್ ಬರಹದ ಕ್ರಮವನ್ನು ಅಂಗೀಕರಿಸಿತು. ಹಳೆಯ ಪುಸ್ತಕಗಳ ಕ್ವಾಂಗ್ಸಿಯೇ ಈಗಿನ ಗುವಾಂಗ್ಶಿ. ಇದು ತಿಳಿಯದೆ ನಾನು ಒಂದೇ ಪ್ರಾಂತಕ್ಕೆ ಎರಡು ಚೀಟಿ ಬರೆದು ಒಂದು ವಾರ ಕಳೆದುಕೊಂಡೆ. ಮೊದಲ ದಿನದಿಂದಲೇ ಹೆಸರುಗಳ ಪಟ್ಟಿಯೊಂದನ್ನು ಇಟ್ಟುಕೊಳ್ಳಿರಿ.

ಕಾಲವನ್ನು ನಾನು ಹಂಚಿಕೊಂಡದ್ದು ಹೀಗೆ: ಪ್ರಶ್ನೆಗೆ 2 ವಾರ, ಓದಿಗೆ 4, ಭೇಟಿಗಳಿಗೆ 3, ಬರೆಯಲು 3, ತಿದ್ದಲು 2. ತಿದ್ದುವ ಎರಡು ವಾರಗಳನ್ನು ಯಾವ ಕಾರಣಕ್ಕೂ ಬಿಟ್ಟುಕೊಡಬೇಡಿರಿ.

ಪ್ರಬಂಧ ಮುಗಿದ ಮೇಲೆ ಊರಿಗೆ ಹೋಗಿ ಅಪ್ಪನಿಗೆ ಓದಿ ಹೇಳಿದೆ. ನೇಕಾರರ ಮಾತು ಬಂದಾಗ ಅವರು ಸುಮ್ಮನಿದ್ದರು. ಗುವಾಂಗ್ಶಿಯ ಭಾಗ ಬಂದಾಗ ತಲೆಯೆತ್ತಿ, “ಅಷ್ಟು ಸೆಕೆಯಲ್ಲಿ ಅಲ್ಲಿಯ ರೈತ ಹುಳುವಿನ ಮನೆಯನ್ನು ಹೇಗೆ ತಂಪಾಗಿಡುತ್ತಾನಂತೆ?” ಎಂದು ಕೇಳಿದರು. ನನ್ನ ಪ್ರಬಂಧದಲ್ಲಿ ಅದಕ್ಕೆ ಉತ್ತರವಿರಲಿಲ್ಲ. ಮುಂದಿನ ವರ್ಷ ನಿಮ್ಮಲ್ಲಿ ಯಾರಾದರೂ ಆ ಪ್ರಶ್ನೆಯನ್ನು ಕೈಗೆತ್ತಿಕೊಂಡರೆ, ನನ್ನ ಚೀಟಿಗಳನ್ನೆಲ್ಲ ಸಂತೋಷದಿಂದ ಕೊಡುತ್ತೇನೆ.